ಆಸ್ಟ್ರೇಲಿಯಾದಲ್ಲಿರುವ ಮಕ್ಕಳ ಜೊತೆ ಕ್ಯಾರವಾನ್ ಪ್ರವಾಸ: ಇಲ್ಲಿಂದ ಹೋಗುವ ಅಪ್ಪ ಅಮ್ಮಂದಿರಿಗೆ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಮಗನೋ ಮಗಳೋ ಆಸ್ಟ್ರೇಲಿಯಾದಲ್ಲಿರುವ ಮನೆಗಳು ಈಗ ಸಾಕಷ್ಟಿವೆ. ಮೊಮ್ಮಗು ಹುಟ್ಟಿದಾಗ, ಇಲ್ಲ ಇಲ್ಲಿ ಬಿಸಿಲು ಜೋರಾದಾಗ, ಅಪ್ಪ ಅಮ್ಮ ಕೆಲವು ತಿಂಗಳು ಅಲ್ಲಿ ಹೋಗಿ ಇದ್ದು ಬರುತ್ತಾರೆ. ಹೋದ ಮೇಲೆ ಒಂದಲ್ಲ ಒಂದು ದಿನ ಮಗನೋ ಅಳಿಯನೋ ಕೇಳಿಯೇ ಕೇಳುತ್ತಾರೆ, "ಈ ಶನಿವಾರ ಕ್ಯಾರವಾನ್ ತಗೊಂಡು ಕಾಡಿಗೆ ಹೋಗೋಣ್ವಾ?" ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಮಲಗಲು, ಅಡುಗೆಗೆ ಜಾಗ ಇರುವ ಚಕ್ರದ ಮನೆ. ಹೋಗಿ. ಖಂಡಿತ ಹೋಗಿ. ನಾನು ಮತ್ತು ನಮ್ಮ ಮನೆಯವರು ಮೆಲ್ಬರ್ನ್‌ಗೆ ಮಗಳ ಮನೆಗೆ ಹೋದಾಗಲೆಲ್ಲ ಹೋಗುತ್ತೇವೆ. ವಾರವಿಡೀ ಕೆಲಸ, ಟ್ರೈನು, ಡೇ ಕೇರ್ ಅಂತ ಓಡುವ ಮಕ್ಕಳು ಎರಡು ದಿನ ಪೂರ್ತಿ ನಮ್ಮ ಜೊತೆ ಕೂತು ಮಾತಾಡುವುದು ಅಲ್ಲೇ.

ಆದರೆ ಸುಮ್ನೆ ಕಾರು ಹತ್ತಿ ಕೂತರೆ ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ: ಹತ್ತಿರ ಹೋಗಿ, ಎರಡೂ ರಾತ್ರಿ ಒಂದೇ ಜಾಗದಲ್ಲಿರಿ, ಬೆಳಕಿರುವಾಗಲೇ ತಲುಪಿ. ವಯಸ್ಸಾದವರು, ಚಿಕ್ಕ ಮಕ್ಕಳು ಇಬ್ಬರೂ ಇರುವ ಮನೆಯವರಿಗೆ ಇದಕ್ಕಿಂತ ದೊಡ್ಡ ನಿಯಮ ಇಲ್ಲ.

ಯಾಕೆ ಅಂದರೆ ಮಕ್ಕಳು ನಕ್ಷೆ ತೆಗೆದು ಗ್ರಾಂಪಿಯನ್ಸ್ ಬೆಟ್ಟದ ಹಾಲ್ಸ್ ಗ್ಯಾಪ್ ತೋರಿಸುತ್ತಾರೆ. ಚೆನ್ನಾಗಿದೆ, ಕಾಂಗರೂಗಳು ಊರಿನ ಮೈದಾನಕ್ಕೇ ಬಂದು ಮೇಯುತ್ತವೆ. ಆದರೆ ಮೆಲ್ಬರ್ನ್‌ನಿಂದ ಅದು ಸುಮಾರು 250 ಕಿ.ಮೀ., ಅಂದರೆ ನಮಗೆ ಹತ್ತಿರ ಹತ್ತಿರ ಬೆಂಗಳೂರು ಇರುವಷ್ಟು ದೂರ. ಬರೀ ಕಾರಿನಲ್ಲಾದರೆ ಮೂರು ಗಂಟೆ. ಹಿಂದೆ ಎರಡೂವರೆ ಟನ್ ಮನೆ ಎಳೆದುಕೊಂಡು ಹೋಗುವಾಗ ಅಷ್ಟರಲ್ಲಿ ಮುಗಿಯುವುದಿಲ್ಲ, ನಡುವೆ ಚಹಾ, ಮಗುವಿನ ಡೈಪರ್, ಅಜ್ಜಿಯ ಮಂಡಿ ನೋವು ಅಂತ ನಿಲ್ಲಿಸುವುದೂ ಇದ್ದೇ ಇರುತ್ತದೆ. ಅದನ್ನು ಸೋಮವಾರವೂ ರಜೆ ಇರುವ ವಾರಕ್ಕೆ ಇಟ್ಟುಕೊಳ್ಳಿ. ಮಾಮೂಲಿ ಶನಿವಾರ ಭಾನುವಾರಕ್ಕೆ ಸುಮಾರು 150 ಕಿ.ಮೀ. ದೂರದ ಲೇಕ್ ಐಲ್ಡನ್ ಸಾಕು. ಸಿಡ್ನಿಯವರಿಗೆ ಬ್ಲೂ ಮೌಂಟನ್ಸ್ ಕಡೆ ಇನ್ನೂ ಹತ್ತಿರ, ಕಟೂಂಬಾ ನೂರು ಕಿ.ಮೀ. ಆಸುಪಾಸು.

ಬೆಳಕಿನ ವಿಷಯ ಇನ್ನೂ ಮುಖ್ಯ. ಅಲ್ಲಿ ಋತು ಉಲ್ಟಾ, ಅದು ಎಲ್ಲರಿಗೂ ಗೊತ್ತು. ಆದರೆ ಜೂನ್‌ನಲ್ಲಿ ಮೆಲ್ಬರ್ನ್‌ನಲ್ಲಿ ಸಂಜೆ 5 ದಾಟುತ್ತಲೇ ಸೂರ್ಯ ಮುಳುಗಿಬಿಡುತ್ತಾನೆ, ಡಿಸೆಂಬರ್ ಕೊನೆಗೆ ರಾತ್ರಿ 8.45ರವರೆಗೂ ಬಿಸಿಲಿರುತ್ತದೆ. ಇದನ್ನು ಲೆಕ್ಕಕ್ಕೆ ತಗೊಳ್ಳಿ. ಬೇಸಿಗೆಯಲ್ಲಿ ಶುಕ್ರವಾರ ಆಫೀಸ್ ಮುಗಿಸಿ ಹೊರಟರೂ ನಡೆಯುತ್ತದೆ. ಚಳಿಗಾಲದಲ್ಲಿ ಬೇಡವೇ ಬೇಡ, ಶನಿವಾರ ಬೆಳಿಗ್ಗೆ ತಿಂಡಿ ತಿಂದು ಹೊರಡಿ, ಆ ವಾರ ಒಂದೇ ರಾತ್ರಿ ಆದರೂ ಸರಿ. ಕತ್ತಲಾಗುವ ಹೊತ್ತು ಮತ್ತು ನಸುಕು, ಕಾಂಗರೂ, ವಾಂಬ್ಯಾಟ್ ರಸ್ತೆಗೆ ಬರುವ ಸಮಯ. ವಾಂಬ್ಯಾಟ್ ಗಿಡ್ಡಗೆ, ಗಟ್ಟಿಯಾಗಿ ಇರುತ್ತದೆ, ದೂರದಿಂದ ಕಾಣುವುದೇ ಇಲ್ಲ. ಕಾಂಗರೂ ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು. ಹಿಂದೆ ಕ್ಯಾರವಾನ್ ಇರುವಾಗ ತಟ್ಟನೆ ಸ್ಟಿಯರಿಂಗ್ ತಿರುಗಿಸಿದರೆ ಎರಡೂ ಗಾಡಿ ಪಲ್ಟಿಯಾಗಬಹುದು.

ಈಗ ಗಾಡಿ. ಎರಡು ಬಗೆ. ಕಾರಿನ ಹಿಂದೆ ಎಳೆದುಕೊಂಡು ಹೋಗುವುದು ಕ್ಯಾರವಾನ್. ಗಾಡಿಯೂ ಮನೆಯೂ ಒಂದೇ ಆಗಿರುವುದು ಮೋಟರ್‌ಹೋಮ್. ಎರಡೂ ಬಾಡಿಗೆಗೆ ಸಿಗುತ್ತವೆ. ಮಗ ಅಥವಾ ಅಳಿಯ ಯಾವತ್ತೂ ಏನನ್ನೂ ಎಳೆದು ಓಡಿಸಿಲ್ಲ ಅಂದರೆ ಮೊದಲ ಸಲಕ್ಕೆ ಮೋಟರ್‌ಹೋಮ್ ತಗೊಳ್ಳಲಿ ಅಂತ ನನ್ನ ಅಭಿಪ್ರಾಯ. ಒಟ್ಟು ತೂಕ 4.5 ಟನ್ ಒಳಗಿದ್ದರೆ ಕಾರಿನ ಲೈಸೆನ್ಸೇ ಸಾಕು. ಕ್ಯಾರವಾನ್‌ನ ಸುಖವೇ ಬೇರೆ, ಅದನ್ನು ಜಾಗದಲ್ಲಿ ಬಿಟ್ಟು ಕಾರು ತಗೊಂಡು ಸುತ್ತಾಡಿ ಬರಬಹುದು. ಆದರೆ ಓಡುವಾಗ ಅದರೊಳಗೆ ಯಾರೂ ಕೂರುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ. "ಸ್ವಲ್ಪ ಹೊತ್ತು ಒಳಗೆ ಮಲಗಿಕೊಂಡು ಬರ್ತೀನಿ" ಅನ್ನುವ ಅಜ್ಜಂದಿರು ಇದನ್ನು ಮೊದಲೇ ತಿಳಿದಿರಬೇಕು. ಎಲ್ಲರಿಗೂ ಬೆಲ್ಟ್ ಇರುವ ಸೀಟು ಕಾರಿನಲ್ಲೇ ಬೇಕು, 7 ವರ್ಷದೊಳಗಿನ ಮಕ್ಕಳಿಗೆ ಅವರ ಅಳತೆಯ ಮಕ್ಕಳ ಸೀಟು ಕಡ್ಡಾಯ. ಗಂಡ ಹೆಂಡತಿ, ಇಬ್ಬರು ಮಕ್ಕಳು, ಅಜ್ಜ ಅಜ್ಜಿ ಅಂದರೆ ಆರು ಜನ ಆದರು. ಐದು ಸೀಟಿನ ಕಾರು ಸಾಲದು. ಬಾಡಿಗೆ ಮಾತಾಡುವ ಮುಂಚೆ ಇದನ್ನು ಎಣಿಸಿ.

ಇನ್ನು ತೂಕ. ಕ್ಯಾರವಾನ್ ವಿಷಯದಲ್ಲಿ ಎಲ್ಲ ಅಪಾಯ ಇಲ್ಲಿಂದಲೇ ಶುರು, ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಓದಿ. ಗಾಡಿ ಮೇಲಿರುವ ಪ್ಲೇಟಿನಲ್ಲಿ ಎರಡು ಅಂಕಿ ಇರುತ್ತವೆ. ಟೇರ್ ಅಂದರೆ ಖಾಲಿ ಗಾಡಿಯ ತೂಕ, ಎಟಿಎಂ ಅಂದರೆ ಸಾಮಾನೆಲ್ಲ ತುಂಬಿದ ಮೇಲೆ ಮೀರಬಾರದ ತೂಕ. ಟೇರ್ 2,100 ಕಿಲೋ, ಎಟಿಎಂ 2,500 ಕಿಲೋ ಅಂತ ಇಟ್ಟುಕೊಳ್ಳಿ. ನಿಮಗೆ ಸಿಕ್ಕಿದ್ದು 400 ಕಿಲೋ. 80 ಲೀಟರಿನ ಎರಡು ನೀರಿನ ಟ್ಯಾಂಕ್ ತುಂಬಿಸಿದರೆ ಅಲ್ಲಿಗೇ 160 ಕಿಲೋ ಹೋಯಿತು. ಉಳಿದ 240ರಲ್ಲಿ ಹಾಸಿಗೆ, ಕುರ್ಚಿ, ಟೇಬಲ್ಲು, ಪಾತ್ರೆ, ಅಕ್ಕಿ, ಮಕ್ಕಳ ಸೈಕಲ್ಲು ಎಲ್ಲ ಬರಬೇಕು. ನಮ್ಮವರಿಗೆ "ಇರಲಿ ಬಿಡು, ಬೇಕಾಗುತ್ತೆ" ಅಂತ ತುಂಬುವ ಅಭ್ಯಾಸ ಇದೆ, ಅಲ್ವಾ? ಅಲ್ಲಿ ಅದು ನಡೆಯದು. ಕಾರಿಗೂ ಅದು ಎಳೆಯಬಹುದಾದ ತೂಕಕ್ಕೆ ಮಿತಿ ಇದೆ. ಲ್ಯಾಂಡ್ ಕ್ರೂಸರ್ ತರಹದ್ದು 3,500 ಕಿಲೋ ಎಳೆಯುತ್ತದೆ, ಪೇಟೆಯ ಸಣ್ಣ ಕಾರುಗಳು ಅದರ ಹತ್ತಿರವೂ ಬರುವುದಿಲ್ಲ.

ಸಾಮಾನು ಜೋಡಿಸುವ ಕೆಲಸವನ್ನು ಅಜ್ಜಿಯರು ವಹಿಸಿಕೊಳ್ಳಬಹುದು. ಭಾರದ್ದೆಲ್ಲ ಕೆಳಗೆ, ಚಕ್ರದ ಅಚ್ಚಿನ ಹತ್ತಿರ. ಹಗುರದ್ದು ಮೇಲಿನ ಕಪಾಟಿನಲ್ಲಿ. ಗಾಡಿಯ ಹಿಂದಿನ ತುದಿಯಲ್ಲಿ ಭಾರ ಇಡಲೇಬಾರದು. ಕಾರಿನ ಕೊಂಡಿಯ ಮೇಲೆ ಕ್ಯಾರವಾನ್ ತೂಕದ ಸುಮಾರು ಹತ್ತನೇ ಒಂದು ಭಾಗ ಕೂರಬೇಕು ಅನ್ನುವುದು ಅಲ್ಲಿನ ರೂಢಿ. ಹಿಂದೆ ಭಾರ ಜಾಸ್ತಿಯಾದರೆ ಕೊಂಡಿ ಹಗುರಾಗಿ ಕ್ಯಾರವಾನ್ ಹಾವಿನ ಹಾಗೆ ಆ ಕಡೆ ಈ ಕಡೆ ತೂಗಾಡಲು ಶುರು ಮಾಡುತ್ತದೆ. ಹಾಗಾದಾಗ ಕಾರಿನ ಬ್ರೇಕ್ ಒತ್ತಬಾರದು. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಸ್ಟಿಯರಿಂಗ್ ನೇರ ಹಿಡಿದು, ಡ್ಯಾಶ್‌ಬೋರ್ಡಿನ ಹತ್ತಿರ ಇರುವ ಕಂಟ್ರೋಲರ್‌ನಿಂದ ಕ್ಯಾರವಾನ್‌ನ ಬ್ರೇಕ್ ಮಾತ್ರ ಕೈಯಲ್ಲಿ ಹಾಕಬೇಕು. ಓಡಿಸುವವರು ಹೊರಡುವ ಮುಂಚೆ ಆ ಗುಂಡಿ ಎಲ್ಲಿದೆ ಅಂತ ಕೈಯಿಟ್ಟು ನೋಡಿಕೊಂಡಿರಲಿ. ವೇಗ 90 ದಾಟದಿರಲಿ, ಹಿಂದೆ ಲಾರಿ ಬಂದರೆ ಮುಂದೆ ಹೋಗಲು ಬಿಡಲಿ.

ತಲುಪಿದ ಮೇಲೆ ರಿವರ್ಸ್ ತೆಗೆದು ಜಾಗದಲ್ಲಿ ನಿಲ್ಲಿಸಬೇಕಲ್ಲ, ಇಲ್ಲಿ ನಮ್ಮ ಕಡೆಯ ಅಜ್ಜಂದಿರು ಕೆಲಸಕ್ಕೆ ಬರುತ್ತಾರೆ. ಮೆಕ್ಕೆಜೋಳದ ಲೋಡು ತುಂಬಿದ ಟ್ರ್ಯಾಕ್ಟರ್ ಟ್ರೈಲರ್‌ನ್ನು ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಹಿಂದಕ್ಕೆ ತೆಗೆದವರಿಗೆ ಇದು ಗೊತ್ತಿರುವ ವಿದ್ಯೆ. ಹಿಂಭಾಗ ಬಲಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಎಡಕ್ಕೆ. ಅಳಿಯನಿಗೆ ಸ್ಟಿಯರಿಂಗ್‌ನ ಕೆಳಭಾಗ ಹಿಡಿದುಕೊಳ್ಳಲು ಹೇಳಿ, ಆಗ ಕೈ ಯಾವ ಕಡೆ ಹೋಗುತ್ತದೋ ಹಿಂದಿನ ಗಾಡಿಯೂ ಅದೇ ಕಡೆ ಹೋಗುತ್ತದೆ. ಅಜ್ಜ ಕನ್ನಡಿಯಲ್ಲಿ ಕಾಣುವ ಹಾಗೆ ಪಕ್ಕದಲ್ಲಿ ನಿಂತು ಕೈ ತೋರಿಸಲಿ. ಒಬ್ಬರೇ ಹೇಳಬೇಕು. ಮನೆಯವರೆಲ್ಲ ಒಟ್ಟಿಗೆ ಕೂಗಬಾರದು. ಅಷ್ಟು ಹೊತ್ತು ಮಕ್ಕಳ ಕೈಯನ್ನು ಅಜ್ಜಿ ಹಿಡಿದುಕೊಂಡಿರಲಿ, ಇದು ಕಡ್ಡಾಯ.

ನಿಲ್ಲಿಸುವ ಮುಂಚೆ ತಲೆ ಎತ್ತಿ ನೋಡಿ. ಅಲ್ಲಿನ ಕಾಡು ಅಂದರೆ ಹೆಚ್ಚಾಗಿ ನೀಲಗಿರಿ ಜಾತಿಯ ಮರಗಳು, ನಮ್ಮ ರಸ್ತೆ ಬದಿಯ ನೀಲಗಿರಿಯ ಮೂಲ ಊರೇ ಅದು, ವಾಸನೆ ನಿಮಗೆ ಪರಿಚಯದ್ದೇ. ಆದರೆ ಅಲ್ಲಿನ ದೊಡ್ಡ ಮರಗಳು ಗಾಳಿಯೇ ಇಲ್ಲದ ದಿನವೂ ದಪ್ಪ ಕೊಂಬೆಯನ್ನು ಇದ್ದಕ್ಕಿದ್ದಂತೆ ಬೀಳಿಸುತ್ತವೆ. ನದಿ ದಂಡೆಯ ರೆಡ್ ಗಮ್ ಮರಗಳಂತೂ ಇದಕ್ಕೇ ಹೆಸರಾದವು. ನೆರಳು ಚೆನ್ನಾಗಿದೆ ಅಂತ ಅದರ ಕೆಳಗೆ ಗಾಡಿ ಹಾಕಬೇಡಿ, ಕುರ್ಚಿಯೂ ಹಾಕಬೇಡಿ.

ಆಮೇಲೆ ಕ್ರಮವಾಗಿ ಮಾಡುತ್ತಾ ಬನ್ನಿ. ಮೊದಲು ಎಡ ಬಲ ಸಮ ಮಾಡಿ, ತಗ್ಗಿದ ಕಡೆಯ ಚಕ್ರದ ಕೆಳಗೆ ರ‍್ಯಾಂಪ್ ಇಟ್ಟು. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡೆ ಕೊಟ್ಟು, ಆಮೇಲಷ್ಟೇ ಕಾರಿನಿಂದ ಬಿಚ್ಚಿ. ಮುಂದಿನ ಸಣ್ಣ ಜಾಕಿ ಚಕ್ರದಿಂದ ಹಿಂದು ಮುಂದು ಸಮ ಮಾಡಿ. ಕೊನೆಗೆ ನಾಲ್ಕು ಮೂಲೆಯ ಕಾಲುಗಳನ್ನು ಇಳಿಸಿ. ಆ ಕಾಲು ಗಾಡಿ ಅಲುಗಾಡದಿರಲಿ ಅಂತ ಇರುವುದು, ಎತ್ತಲಿಕ್ಕಲ್ಲ. ಸಮ ಇಲ್ಲದಿದ್ದರೆ ಗ್ಯಾಸಿನಿಂದ ನಡೆಯುವ ಫ್ರಿಜ್ ಸರಿಯಾಗಿ ತಣ್ಣಗಾಗುವುದಿಲ್ಲ, ರಾತ್ರಿ ಮಲಗಿದವರ ತಲೆಯೂ ತಗ್ಗಾಗುತ್ತದೆ.

ಕರೆಂಟ್ ಇರುವ ಜಾಗ, ಇಲ್ಲದ ಜಾಗ ಅಂತ ಎರಡಿರುತ್ತವೆ. ವಯಸ್ಸಾದವರು ಬರುವುದಾದರೆ ಮೊದಲ ಸಲ ಕರೆಂಟ್ ಇರುವ ಕ್ಯಾರವಾನ್ ಪಾರ್ಕ್ ತಗೊಳ್ಳಿ, ಬಿಸಿನೀರಿನ ಸ್ನಾನದ ಮನೆ, ಟಾಯ್ಲೆಟ್ ಎಲ್ಲ ಇರುತ್ತದೆ. ಗಾಡಿಯ ವೈರು 15 ಆಂಪ್‌ದು, ಮನೆಯ ಮಾಮೂಲಿ 10 ಆಂಪ್ ಸಾಕೆಟ್‌ಗೆ ಅದು ಕೂರುವುದಿಲ್ಲ. ಕರೆಂಟ್ ಇಲ್ಲದ ಕಾಡಿನ ಜಾಗದಲ್ಲಿ ಲೈಟು, ಫ್ಯಾನು, ಮೊಬೈಲ್ ಚಾರ್ಜು ಬ್ಯಾಟರಿಯಲ್ಲಿ ನಡೆಯುತ್ತದೆ. ಮಿಕ್ಸಿ, ಇಂಡಕ್ಷನ್ ಒಲೆ ಆಸೆ ಬಿಡಿ.

ನೀರು. ಇಲ್ಲಿ ನಲ್ಲಿ ಬಿಟ್ಟು ಪಾತ್ರೆ ತೊಳೆದ ಕೈಗೆ ಅಲ್ಲಿನ ಟ್ಯಾಂಕು ಒಂದೇ ದಿನಕ್ಕೆ ಖಾಲಿ. ಹೊರಡುವ ಮುಂಚೆ ಇಲ್ಲೇ ಒಂದು ಅಭ್ಯಾಸ ಮಾಡಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ಭಾನುವಾರ ಕೊಂಡಜ್ಜಿ ಕೆರೆ ಕಡೆಗೋ ಸೂಳೆಕೆರೆ ಕಡೆಗೋ ಹೋಗಿ. ಒಂದು ಸಣ್ಣ ಗ್ಯಾಸ್ ಒಲೆ, 20 ಲೀಟರಿನ ಒಂದು ಕ್ಯಾನ್ ನೀರು, ಅಷ್ಟೇ. ಅದರಲ್ಲೇ ಅಡುಗೆ, ಊಟ, ಪಾತ್ರೆ ತೊಳೆಯುವುದು, ಕೈಕಾಲು ಎಲ್ಲ ಮುಗಿಸಿ, ಕಸವನ್ನು ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ. ತಟ್ಟೆಯ ಸಾರು, ಎಣ್ಣೆಯನ್ನು ಮೊದಲು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆದರೆ ಅರ್ಧ ನೀರು ಉಳಿಯುತ್ತದೆ ಅನ್ನುವುದು ಆಗ ಕೈಗೇ ಗೊತ್ತಾಗುತ್ತದೆ. ಅಲ್ಲಿ ತೊಳೆದ ನೀರನ್ನೂ ಹಲವು ಕಡೆ ನೆಲಕ್ಕೆ ಬಿಡುವ ಹಾಗಿಲ್ಲ, ಡಬ್ಬದಲ್ಲಿ ಹಿಡಿದು ಹೇಳಿದ ಜಾಗದಲ್ಲೇ ಸುರಿಯಬೇಕು. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ.

ಗಾಡಿಯೊಳಗಿನ ಟಾಯ್ಲೆಟ್ಟಿನ ಕೆಳಗೆ ಸುಮಾರು 20 ಲೀಟರಿನ ಒಂದು ಪೆಟ್ಟಿಗೆ ಇರುತ್ತದೆ. ಆರು ಜನಕ್ಕೆ ಅದು ಬೇಗ ತುಂಬುತ್ತದೆ. ಹಗಲು ಎಲ್ಲರೂ ಪಾರ್ಕಿನ ಟಾಯ್ಲೆಟ್ ಬಳಸಿ, ಗಾಡಿಯದ್ದನ್ನು ರಾತ್ರಿಗೆ ಅಜ್ಜ ಅಜ್ಜಿಗೆ ಬಿಡಿ. ಖಾಲಿ ಮಾಡಲಿಕ್ಕೆ ಡಂಪ್ ಪಾಯಿಂಟ್ ಅಂತ ಗುರುತು ಮಾಡಿದ ಜಾಗಗಳಿವೆ, ಬೇರೆಲ್ಲೂ ಸುರಿಯಬಾರದು.

ಅಡುಗೆ ನನಗೆ ಇಷ್ಟದ ಭಾಗ. ಇಲ್ಲಿಂದ ಹೊತ್ತುಕೊಂಡು ಹೋಗುವ ಆಸೆ ಇದ್ದರೆ ಒಂದು ಮಾತು. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿನ್ನುವ ಪದಾರ್ಥ ಏನೇ ಇದ್ದರೂ ಇದೆ ಅಂತಲೇ ಬರೆಯಿರಿ. ಬರೆದು ತೋರಿಸಿದರೆ ಬೇಡದ್ದನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ, ಮುಚ್ಚಿಟ್ಟರೆ ದಂಡ. ಹಸಿ ಕರಿಬೇವು, ಬಿತ್ತನೆ ಬೀಜ ಎಲ್ಲ ಬೇಡ. ಮೆಲ್ಬರ್ನ್‌ನ ಟಾರ್ನೀಟ್, ಡ್ಯಾಂಡಿನಾಂಗ್ ಕಡೆ, ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ನಮ್ಮ ದಿನಸಿ ಅಂಗಡಿಗಳಿವೆ, ರವೆ, ಅವಲಕ್ಕಿ, ಮಂಡಕ್ಕಿ ಎಲ್ಲ ಸಿಗುತ್ತದೆ.

ಕ್ಯಾರವಾನ್‌ಗೆ ಮಂಡಕ್ಕಿಯಂಥ ಪದಾರ್ಥ ಇನ್ನೊಂದಿಲ್ಲ. ತೂಕ ಇಲ್ಲ, ಬೇಯಿಸುವುದಿಲ್ಲ, ತೊಳೆಯುವ ಪಾತ್ರೆ ಒಂದೇ. ಒಗ್ಗರಣೆಯನ್ನು ಮನೆಯಲ್ಲೇ ಮಾಡಿ ಬಾಟಲಿಗೆ ಹಾಕಿಕೊಳ್ಳಿ, ಯಾಕೆಂದರೆ ಗಾಡಿಯೊಳಗೆ ಸಾಸಿವೆ, ಒಣಮೆಣಸಿನಕಾಯಿ ಸಿಡಿಸಿದರೆ ಹೊಗೆ ಅಲಾರಂ ಬಡಿದುಕೊಂಡು ಅಕ್ಕಪಕ್ಕದವರೆಲ್ಲ ಎದ್ದು ಬರುತ್ತಾರೆ. ಸಂಜೆ ಮಂಡಕ್ಕಿ, ಈರುಳ್ಳಿ, ಟೊಮೆಟೊ, ಹುರಿಗಡಲೆ ಪುಡಿ ಕಲಸಿ ಕೊಡಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಇದ್ದರೆ ಒಂದು ಊಟ ಮುಗಿಯಿತು. ಸಣ್ಣ ಕುಕ್ಕರ್ ಒಂದು ಇರಲಿ, ಗ್ಯಾಸೂ ಉಳಿಯುತ್ತದೆ ನೀರೂ ಉಳಿಯುತ್ತದೆ. ದೋಸೆ ಹಿಟ್ಟು ತಗೊಂಡು ಹೋದರೆ ಹೊರಗೆ ಬೆಣ್ಣೆ ದೋಸೆ ಹಾಕಬಹುದು, ಮೊಮ್ಮಕ್ಕಳು ಸಾಲು ನಿಲ್ಲುತ್ತಾರೆ. ಪಾರ್ಕುಗಳಲ್ಲಿ ಎಲ್ಲರಿಗೂ ಅಂತ ಇಟ್ಟ ಬಾರ್ಬೆಕ್ಯೂ ಕಾವಲಿಯಲ್ಲಿ ಮಾಂಸ ಸುಟ್ಟಿರುತ್ತಾರೆ, ಸಸ್ಯಾಹಾರಿ ಮನೆಯವರು ತಮ್ಮದೇ ಹಂಚು ಒಯ್ಯುವುದು ಒಳ್ಳೆಯದು. ಊಟ ಆದ ಮೇಲೆ ಒಂದು ಅಗುಳೂ ಹೊರಗೆ ಬಿಡಬೇಡಿ. ರಾತ್ರಿ ಪೋಸಮ್ ಅನ್ನುವ, ಬೆಕ್ಕಿನಷ್ಟು ದೊಡ್ಡ ಮರದ ಪ್ರಾಣಿ ಬರುತ್ತದೆ, ಹಗಲು ಕೂಕಬರಾ ಹಕ್ಕಿ ಕೈಯಲ್ಲಿರುವುದನ್ನೇ ಎಗರಿಸುತ್ತದೆ. ಪಾಪ ಅಂತ ಯಾವ ಪ್ರಾಣಿಗೂ ತಿನ್ನಲು ಕೊಡಬಾರದು. ನಮಗದು ಕಷ್ಟ ಅನಿಸುತ್ತದೆ, ಆದರೆ ಅವುಗಳ ಆರೋಗ್ಯ ಅದರಿಂದ ಕೆಡುತ್ತದೆ.

ಬೆಂಕಿಯ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಸಡಿಲ ಬಿಡುವ ಮಾತೇ ಇಲ್ಲ. ನೀಲಗಿರಿ ಎಲೆಯಲ್ಲಿ ಎಣ್ಣೆ ಇರುವುದರಿಂದ ಆ ಕಾಡು ಹೊತ್ತಿಕೊಂಡರೆ ಓಡಲು ಸಮಯ ಸಿಗುವುದಿಲ್ಲ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾದಲ್ಲಿ ಎದ್ದ ಬೆಂಕಿಯಲ್ಲಿ 173 ಜನ ಸತ್ತರು. 2022ರಿಂದ ಅಲ್ಲಿ ದೇಶಕ್ಕೆಲ್ಲ ಒಂದೇ ತರಹದ ನಾಲ್ಕು ಹಂತದ ಎಚ್ಚರಿಕೆ ಇದೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರಾಫಿಕ್. ಕೊನೆಯ ಎರಡು ಬಂದಿದ್ದರೆ ಬುಕಿಂಗ್ ದುಡ್ಡು ಹೋದರೂ ಹೋಗಲಿ, ಕಾಡಿಗೆ ಹೋಗಬೇಡಿ. ವಿಕ್ಟೋರಿಯಾದಲ್ಲಿ ವಿಕ್‌ಎಮರ್ಜೆನ್ಸಿ, ನ್ಯೂ ಸೌತ್ ವೇಲ್ಸ್‌ನಲ್ಲಿ ಹಜಾರ್ಡ್ಸ್ ನಿಯರ್ ಮಿ ಅನ್ನುವ ಆ್ಯಪ್ ಮಕ್ಕಳ ಫೋನಿನಲ್ಲಿ ಇರಲೇಬೇಕು. ಟೋಟಲ್ ಫೈರ್ ಬ್ಯಾನ್ ಅಂತ ಹೇಳಿದ ದಿನ ಕಟ್ಟಿಗೆ, ಇದ್ದಿಲು ಹಚ್ಚುವುದೇ ಅಪರಾಧ. ಹೊರಗೆ ಗ್ಯಾಸ್ ಒಲೆ ಹಚ್ಚಲೂ ರಾಜ್ಯಕ್ಕೊಂದು ನಿಯಮ ಇದೆ, ಪಾರ್ಕಿನ ಆಫೀಸಿನಲ್ಲಿ ಕೇಳಿ. ಆ ದಿನ ಮಂಡಕ್ಕಿ ತಿನ್ನಿ.

ಬೆಂಕಿ ಹಾಕಲು ಬಿಡುವ ದಿನ, ಅದಕ್ಕೆಂದೇ ಕಟ್ಟಿದ ಒಲೆಯಲ್ಲಿ ಮಾತ್ರ ಹಾಕಿ. ಕಟ್ಟಿಗೆ ಕೊಂಡುಕೊಂಡು ಹೋಗಿ, ಹಲವು ರಾಷ್ಟ್ರೀಯ ಉದ್ಯಾನಗಳಲ್ಲಿ ಬಿದ್ದ ಕಡ್ಡಿಯನ್ನೂ ಹೆಕ್ಕುವ ಹಾಗಿಲ್ಲ. ಬೆಂಕಿ ಆರಿಸುವುದು ನೀರಿನಿಂದ, ಮಣ್ಣಿನಿಂದಲ್ಲ. ಮಣ್ಣು ಮುಚ್ಚಿದರೆ ಕೆಂಡ ಗಂಟೆಗಟ್ಟಲೆ ಬಿಸಿ ಇರುತ್ತದೆ, ಬೆಳಿಗ್ಗೆ ಬರಿಗಾಲಲ್ಲಿ ಓಡುವ ಮಗು ಅದರ ಮೇಲೆ ಕಾಲಿಡುತ್ತದೆ. ಕೈ ಇಟ್ಟರೆ ತಣ್ಣಗಿರಬೇಕು, ಅಲ್ಲಿವರೆಗೆ ಸುರಿಯಿರಿ.

ಚಳಿಯಾದರೆ ಅಂತ ಗ್ಯಾಸ್ ಒಲೆ ಹಚ್ಚಿಟ್ಟು ಗಾಡಿ ಬಿಸಿ ಮಾಡಬೇಡಿ. ಇದ್ದಿಲ ಒಲೆಯನ್ನಂತೂ ಒಳಗೆ ತರಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಗಾಳಿ ಬರುವ ಕಿಂಡಿಗೆ ಬಟ್ಟೆ ತುರುಕುವುದೂ ಇದೇ ಕಾರಣಕ್ಕೆ ತಪ್ಪು. ಜೂನ್‌ನಿಂದ ಆಗಸ್ಟ್‌ವರೆಗೆ ಒಳನಾಡಿನ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಜೋಗಿಮಟ್ಟಿಯ ಗಾಳಿ ಕಂಡವರಿಗೂ ಅದು ಜಾಸ್ತಿಯೇ. ಉಣ್ಣೆ ಟೋಪಿ, ಕಾಲುಚೀಲ, ದಪ್ಪ ರಜಾಯಿ ಇಟ್ಟುಕೊಳ್ಳಿ. ಚಳ್ಳಕೆರೆ ಕಂಬಳಿ ಒಳ್ಳೆಯದೇ, ಆದರೆ ವಿಮಾನದ ಲಗೇಜಿಗೆ ಭಾರ. ನನ್ನ ಕೇಳಿದರೆ ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್, ಈ ಎರಡು ಕಾಲ ಹಿರಿಯರಿಗೆ ಹಿತ. ಬಿಸಿಲಿಗೆ ನಾವು ದಾವಣಗೆರೆಯವರು ಹೆದರುವುದಿಲ್ಲ ಅಂತ ಟೋಪಿ ಬಿಡಬೇಡಿ, ತಣ್ಣನೆ ಗಾಳಿ ಇದ್ದಾಗಲೂ ಅಲ್ಲಿನ ಬಿಸಿಲು ಚರ್ಮ ಸುಡುತ್ತದೆ.

ಹಾವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಇವೆ. ಬ್ರೌನ್ ಸ್ನೇಕ್, ಟೈಗರ್ ಸ್ನೇಕ್ ಎರಡೂ ತುಂಬ ವಿಷದವು. ಬೂಟು ಹಾಕಿ, ಕತ್ತಲಲ್ಲಿ ಟಾರ್ಚ್ ಹಿಡಿಯಿರಿ, ಹೊರಗೆ ಬಿಟ್ಟ ಚಪ್ಪಲಿ ಕೊಡವಿ ಹಾಕಿಕೊಳ್ಳಿ, ಅಲ್ಲಿ ಜೇಡವೂ ಕೂರುತ್ತದೆ. ಕಚ್ಚಿದರೆ ಗಾಯ ತೊಳೆಯಬಾರದು, ನಡೆಸಬಾರದು. ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಕಚ್ಚಿದ ಜಾಗದ ಮೇಲೆ, ಆಮೇಲೆ ಬೆರಳಿನ ಕಡೆಯಿಂದ ಮೇಲಕ್ಕೆ ಇಡೀ ಕೈಗೋ ಕಾಲಿಗೋ ಬಿಗಿಯಾಗಿ ಸುತ್ತಿ, ಅಲುಗದಂತೆ ಕೋಲು ಕಟ್ಟಿ, ಅಲ್ಲಿನ ತುರ್ತು ನಂಬರ್ 000ಗೆ ಫೋನ್ ಮಾಡಬೇಕು. ಇದು ಅಲ್ಲಿನ ಹಾವುಗಳಿಗೆ ಹೇಳಿದ ಕ್ರಮ. ನಮ್ಮ ಕೊಳಕುಮಂಡಲ ಕಚ್ಚಿದಾಗ ಹೀಗೆ ಬಿಗಿಯಾಗಿ ಸುತ್ತಬಾರದು, ಎರಡನ್ನೂ ಬೆರೆಸಬೇಡಿ.

ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಜಾಗ ಬಹಳ. ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿರಲಿ, ಯಾವ ಪಾರ್ಕು, ಯಾವಾಗ ವಾಪಸ್ಸು ಅಂತ ಊರಲ್ಲಿ ಯಾರಿಗಾದರೂ ಹೇಳಿರಲಿ. ಎಮರ್ಜೆನ್ಸಿ ಪ್ಲಸ್ ಆ್ಯಪ್ ನೀವು ನಿಂತ ಜಾಗವನ್ನು ತೋರಿಸುತ್ತದೆ. ಬಿಪಿ, ಶುಗರ್ ಮಾತ್ರೆ ಎರಡು ದಿನ ಜಾಸ್ತಿಯೇ ಇಟ್ಟುಕೊಳ್ಳಿ. ವಿಸಿಟರ್ ವೀಸಾದಲ್ಲಿ ಹೋದ ನಮ್ಮವರಿಗೆ ಮೆಡಿಕೇರ್ ಅನ್ನುವ ಅಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯ ಸಿಗುವುದಿಲ್ಲ, ಆಂಬುಲೆನ್ಸ್‌ಗೂ ದುಡ್ಡು ಕಟ್ಟಬೇಕು. ಹಾಗಾಗಿ ಇನ್ಶೂರೆನ್ಸ್ ಇಲ್ಲದೆ ಕಾಡಿಗೆ ಅಲ್ಲ, ವಿಮಾನಕ್ಕೇ ಹತ್ತಬೇಡಿ.

ಮಲಗುವ ಜಾಗ ಮೊದಲೇ ಹಂಚಿಕೊಳ್ಳಿ. ಅಜ್ಜ ಅಜ್ಜಿಗೆ ಕೆಳಗಿನ ಹಾಸಿಗೆ, ಬಾಗಿಲ ಹತ್ತಿರ. ಮೆಟ್ಟಿಲು ಎತ್ತರ ಇರುತ್ತದೆ, ಒಂದು ಗಟ್ಟಿ ಸ್ಟೂಲ್ ಒಯ್ಯಿರಿ. ರಾತ್ರಿ ಹತ್ತರ ಮೇಲೆ ಜೋರು ಮಾತು ಬೇಡ, ಪಕ್ಕದ ಗಾಡಿ ಕೆಲವೇ ಅಡಿ ದೂರ.

ಈಸ್ಟರ್, ಶಾಲೆಯ ರಜೆ, ನವೆಂಬರ್ ಮೊದಲ ಮಂಗಳವಾರದ ಮೆಲ್ಬರ್ನ್ ಕಪ್ ಕುದುರೆ ರೇಸಿನ ರಜೆ, ಈ ವಾರಗಳಲ್ಲಿ ಒಳ್ಳೆಯ ಜಾಗಗಳು ತಿಂಗಳ ಮೊದಲೇ ತುಂಬಿರುತ್ತವೆ, ಟಿಕೆಟ್ ಮಾಡಿಸುವಾಗಲೇ ಮಕ್ಕಳಿಗೆ ಹೇಳಿ ಬುಕ್ ಮಾಡಿಸಿ. ಭಾನುವಾರ ಬೆಳಿಗ್ಗೆ ಸಾಮಾನ್ಯವಾಗಿ ಹತ್ತು ಗಂಟೆಗೆ ಜಾಗ ಬಿಡಬೇಕು. ಹೊರಡುವ ಮುಂಚೆ ಒಬ್ಬರು ಓದುತ್ತಾ, ಇನ್ನೊಬ್ಬರು ಮುಟ್ಟಿ ನೋಡುತ್ತಾ ಗಾಡಿಗೆ ಒಂದು ಸುತ್ತು ಬನ್ನಿ: ಗ್ಯಾಸ್ ಬಂದ್, ಕರೆಂಟ್ ವೈರ್ ಒಳಗೆ, ಮೇಲಿನ ಕಿಟಕಿ ಮುಚ್ಚಿದೆ, ನಾಲ್ಕು ಕಾಲು ಮೇಲೆ, ಮೆಟ್ಟಿಲು ಒಳಗೆ, ಕೊಂಡಿಯ ಸರಪಳಿ ಅಡ್ಡಡ್ಡ ಹಾಕಿದೆ, ಜಾಕಿ ಚಕ್ರ ಎತ್ತಿದೆ, ಹ್ಯಾಂಡ್ ಬ್ರೇಕ್ ಬಿಟ್ಟಿದೆ, ಬ್ರೇಕ್ ಲೈಟ್ ಉರಿಯುತ್ತಿದೆ. ಓದುವ ಕೆಲಸ ದೊಡ್ಡ ಮೊಮ್ಮಗುವಿಗೆ ಕೊಡಿ, ಕನ್ನಡದಲ್ಲೇ ಬರೆದುಕೊಡಿ. ಮನೆಗೆ ಬಂದ ಮೇಲೆ ಟಾಯ್ಲೆಟ್ ಪೆಟ್ಟಿಗೆ ತೊಳೆದು, ಟ್ಯಾಂಕಿನ ನೀರು ಬಿಟ್ಟು, ಫ್ರಿಜ್ ಒರೆಸಿ ಅದರ ಬಾಗಿಲನ್ನು ಸ್ವಲ್ಪ ತೆರೆದಿಡಿ, ಇಲ್ಲದಿದ್ದರೆ ಮುಂದಿನ ಸಲಕ್ಕೆ ಬೂಷ್ಟು ಹಿಡಿದಿರುತ್ತದೆ.